ಇಂಗುಗುಂಡಿ, ಹನಿ ನೀರಾವರಿ, ಗಿಡ: ಕರಾವಳಿಯ ಕೃಷಿಕರು ಸರಕಾರದ ನೆರವು ಪಡೆಯುವುದು ಹೇಗೆ?

"ನೀರು ಇಂಗಿಸ್ಲಿಕ್ಕೆ ಸಬ್ಸಿಡಿ ಉಂಟಂತೆ, ಯಾವ ಯೋಜನೆ ಮಾರಾಯ್ರೆ?" ತೋಡಿನ (ಸಣ್ಣ ಹಳ್ಳದ) ನೀರು ಇಳಿಯುವ ಹೊತ್ತಿಗೆ ಉಡುಪಿ, ಮಂಗಳೂರು ಕಡೆಯ ಹಳ್ಳಿಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಯೋಜನೆಯ ಹೆಸರು ಹಿಡಿದು ಹೊರಟರೆ ಕಚೇರಿಯಿಂದ ಕಚೇರಿಗೆ ಸುತ್ತುವುದೇ ಆಗುತ್ತದೆ. ಹೆಸರುಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ. ನಿಮ್ಮ ಗುಡ್ಡೆಯ ಇಳಿಜಾರು ಬದಲಾಗುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಮೊದಲು ಜಾಗ, ಆಮೇಲೆ ಕಾಗದ, ಕೊನೆಗೆ ಕಚೇರಿ.

ಹಂತ 1: ಮಳೆಯಲ್ಲಿ ಕೊಡೆ ಹಿಡಿದು ಜಾಗ ಸುತ್ತಿ

ನಮ್ಮಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲ ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಕೆಳಗೆ ಬಿಡುತ್ತದೆ. ಹಾಗಾಗಿ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಜೋರು ಮಳೆಯ ದಿನವೇ ನೋಡಬೇಕು. ಒಂದು ಹಾಳೆಯಲ್ಲಿ ಗುಡ್ಡೆ, ಮಜಲು (ನಡುಮಟ್ಟದ ಗದ್ದೆ), ಬೈಲು (ತಗ್ಗಿನ ಗದ್ದೆ), ತೋಡು, ಬಾವಿ ಇಷ್ಟನ್ನು ಗೀಚಿ, ನೀರು ಹರಿಯುವ ಕಡೆಗೆ ಬಾಣ ಹಾಕಿ. ಇಂಜಿನಿಯರ್ ಬಂದಾಗ ಈ ಹಾಳೆ ಕೈಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ.

ಗೇರು ಅಥವಾ ರಬ್ಬರ್ ಇರುವ ಸಾಧಾರಣ ಇಳಿಜಾರಿಗೆ ಇಂಗುಗುಂಡಿ, ಅಡ್ಡಗಣಿ (ಇಳಿಜಾರಿಗೆ ಅಡ್ಡವಾಗಿ ತೋಡಿದ ಕಣಿ) ಸರಿ. ಗುಂಡಿಗಳು ಒಂದರ ಕೆಳಗೆ ಒಂದು ನೇರ ಸಾಲಿನಲ್ಲಿ ಇರಬಾರದು. ಮೇಲಿನ ಸಾಲಿನ ಎರಡು ಗುಂಡಿಗಳ ನಡುವಿನ ಜಾಗಕ್ಕೆ ಎದುರಾಗಿ ಕೆಳಗಿನ ಗುಂಡಿ ಬರಬೇಕು, ಆಗ ತಪ್ಪಿಸಿಕೊಂಡ ನೀರೂ ಸಿಗುತ್ತದೆ. ತೆಂಗಿನ ಸಿಪ್ಪೆ ರಾಶಿ ಬಿದ್ದಿದ್ದರೆ ಸುಡಬೇಡಿ. ಕಣಿ ತೆಗೆದು, ಸಿಪ್ಪೆಯ ಒಳಮೈ ಮೇಲೆ ಬರುವಂತೆ ಪದರ ಪದರವಾಗಿ ಹೂತರೆ ವರ್ಷಗಟ್ಟಲೆ ತೇವ ಹಿಡಿದಿಡುತ್ತದೆ. ಇದಕ್ಕೆ ಯಾರ ಅನುಮತಿಯೂ ಬೇಡ, ಯಾವ ಅರ್ಜಿಯೂ ಬೇಡ.

ಆದರೆ ಎಲ್ಲಾ ಗುಡ್ಡೆಗೂ ಇಂಗುಗುಂಡಿ ಹೊಂದುವುದಿಲ್ಲ. ಇದನ್ನು ಬೇಕೆಂದೇ ಒತ್ತಿ ಹೇಳುತ್ತೇನೆ. ಬುಡ ಕಡಿದು ಮನೆ ಕಟ್ಟಿದ ಗುಡ್ಡೆ, ರಸ್ತೆಗಾಗಿ ನೆಟ್ಟಗೆ ಕೊರೆದ ಧರೆ (ಮಣ್ಣಿನ ಗೋಡೆ), ಮೇಲೆ ಮುರಕಲ್ಲು ಕೆಳಗೆ ಮೆತ್ತಗಿನ ಜೇಡಿಯಂಥ ಮಣ್ಣು ಇರುವ ಕಡೆ, ಇಂಥಲ್ಲಿ ಮೇಲೆ ಹೊಂಡ ತೋಡಿ ನೀರು ತುಂಬಿಸಿದರೆ ಧರೆ ಕುಸಿದು ಕೆಳಗಿನವರ ಮೇಲೆ ಬರಬಹುದು. ಗುಡ್ಡೆಯಲ್ಲಿ ಬಿರುಕು ಕಂಡಿದ್ದರೆ, ಮಳೆಗಾಲದಲ್ಲಿ ಧರೆಯಿಂದ ಕೆಂಪು ನೀರು ಒಸರುತ್ತಿದ್ದರೆ ಇಂಗಿಸುವ ಮಾತೇ ಬೇಡ. ಅಲ್ಲಿ ನೀರನ್ನು ಬದಿಯ ಚರಂಡಿಗೆ ಹಿಡಿದು ಜೋಪಾನವಾಗಿ ಕೆಳಗಿಳಿಸುವುದೇ ಸಂರಕ್ಷಣೆ. ಸಬ್ಸಿಡಿ ಉಂಟು ಎಂಬ ಒಂದೇ ಕಾರಣಕ್ಕೆ ಗುಂಡಿ ತೆಗೆಯಬೇಡಿ.

ಮನೆಯ ಮಾಡನ್ನೂ (ಛಾವಣಿಯನ್ನೂ) ಮರೆಯಬೇಡಿ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಮಾಡಿಗೆ ನಮ್ಮ ಮಳೆಯಲ್ಲಿ ಸುಮಾರು 4 ಲಕ್ಷ ಲೀಟರ್ ಆಯಿತು. ಅರ್ಧ ಸಿಕ್ಕಿದರೂ ಕಡಿಮೆಯೇನಲ್ಲ. ಮೊದಲ ಒಂದೆರಡು ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಜಲ್ಲಿ, ಇದ್ದಿಲು, ಹೊಯಿಗೆ ಹಾಕಿದ ಸೋಸುವ ತೊಟ್ಟಿಯ ಮೂಲಕ ಬಾವಿಗೆ ಬಿಡಿ.

ಹಂತ 2: ಕಾಗದ. ನಮ್ಮ ಜಿಲ್ಲೆಗಳಲ್ಲಿ ಅರ್ಜಿ ನಿಲ್ಲುವುದು ಇಲ್ಲೇ

ಪಹಣಿ ತೆಗೆಸಿ, 9ನೇ ಕಾಲಂ ನೋಡಿ. ಅಲ್ಲಿ ನಿಮ್ಮ ಹೆಸರು ಇರಬೇಕು. ಇನ್ನೂ ಅಜ್ಜನ ಹೆಸರೇ ಇದ್ದರೆ ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿಕೊಳ್ಳಿ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಕಟ್ಟಿನ ಕುಟುಂಬಗಳಲ್ಲಿ ಒಂದೇ ಪಹಣಿಯಲ್ಲಿ ಹತ್ತಾರು ಹೆಸರು ಇರುವುದು ಹೊಸತಲ್ಲ. ಅರ್ಧ ಜನ ಮುಂಬೈ, ಇನ್ನರ್ಧ ಗಲ್ಫ್. ಪಾಲು ಆಗುವ ತನಕ ಕಾಯುತ್ತಾ ಕೂತರೆ ಬಾವಿ ಬತ್ತುತ್ತದೆ. ಜಂಟಿ ಖಾತೆದಾರರ ಒಪ್ಪಿಗೆ ಪತ್ರ ಕೊಟ್ಟರೆ ಸಾಕಾಗುತ್ತದೆಯೇ, ಅದಕ್ಕೆ ಛಾಪಾ ಕಾಗದ ಬೇಕೇ ಎಂದು ಅರ್ಜಿ ಕೊಡುವ ಕಚೇರಿಯಲ್ಲೇ ಮೊದಲು ಕೇಳಿ. ಎಲ್ಲರೂ ಊರಿಗೆ ಬರುವ ಕೋಲ, ನೇಮ, ಮದುವೆಯ ಸಮಯದಲ್ಲಿ ಸಹಿ ಹಾಕಿಸಿಕೊಳ್ಳುವುದು ಬುದ್ಧಿವಂತಿಕೆ.

ಸ್ವಂತ ಜಾಗಕ್ಕೆ ತಾಗಿರುವ ಕುಮ್ಕಿ ಜಾಗದ ವಿಷಯ ಸ್ಪಷ್ಟವಾಗಿರಲಿ. ಸೊಪ್ಪು ಸೌದೆ ತಂದಿರಬಹುದು, ತಲೆಮಾರಿನಿಂದ ಗೇರು ಕೊಯ್ದಿರಬಹುದು. ಆದರೂ ದಾಖಲೆಯಲ್ಲಿ ಅದು ಸರಕಾರಿ ಜಾಗ. ವೈಯಕ್ತಿಕ ನೆರವಿನ ಗುಂಡಿ, ಬಾವಿ, ಗಿಡ ಎಲ್ಲವೂ ವರ್ಗ ಜಾಗದ (ನಿಮ್ಮ ಪಟ್ಟಾ ಜಾಗದ) ಗಡಿಯೊಳಗೇ ಇರಬೇಕು. ಅಕ್ರಮ-ಸಕ್ರಮದಲ್ಲಿ ಮಂಜೂರಾದ ಜಾಗವಾದರೆ ಪ್ಲಾಟಿಂಗ್ (ಅಳತೆ ಮಾಡಿ ಗಡಿ ಬೇರ್ಪಡಿಸುವುದು) ಆಗಿ ನಕ್ಷೆ ಬಂದಿದೆಯೇ ನೋಡಿಕೊಳ್ಳಿ. ಇಲ್ಲವಾದರೆ ಗಡಿ ಎಲ್ಲಿ ಎಂಬ ಪ್ರಶ್ನೆಯಲ್ಲೇ ಕಡತ ಕೂರುತ್ತದೆ.

ಹೆಸರಿನ ವ್ಯತ್ಯಾಸ ಇನ್ನೊಂದು ತಲೆನೋವು. ಪಹಣಿಯಲ್ಲಿ 'ಶೆಡ್ತಿ', ಆಧಾರ್‌ನಲ್ಲಿ 'ಶೆಟ್ಟಿ'. ಪಹಣಿಯಲ್ಲಿ 'ಪೂಜಾರ್ತಿ', ಬ್ಯಾಂಕಿನಲ್ಲಿ 'ಪೂಜಾರಿ'. ಊರಿಗೆಲ್ಲ ಗೊತ್ತು ಒಬ್ಬರೇ ಎಂದು, ಕಂಪ್ಯೂಟರಿಗೆ ಗೊತ್ತಿಲ್ಲ. ಮನೆಯ ಹೆಂಗಸರ ಹೆಸರಿನಲ್ಲಿ ಜಾಗ ಇರುವುದು ಇಲ್ಲಿ ಜಾಸ್ತಿ, ಹಾಗಾಗಿ ಈ ತೊಡಕೂ ಜಾಸ್ತಿ. ಅರ್ಜಿಗೆ ಮೊದಲೇ ಸರಿಮಾಡಿಸಿ.

ಆಮೇಲೆ ಎಫ್‌ಐಡಿ. 'ಫ್ರೂಟ್ಸ್' ತಂತ್ರಾಂಶದಲ್ಲಿ ನೋಂದಣಿಯಾದ ಕೃಷಿಕರಿಗೆ ಸಿಗುವ ಗುರುತಿನ ಸಂಖ್ಯೆ ಇದು. ಕೃಷಿ, ತೋಟಗಾರಿಕೆ ಇಲಾಖೆಗಳ ನೆರವಿಗೆ ಇದೇ ಕೀಲಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಫೋಟೋ ಕೊಟ್ಟರೆ ಮಾಡಿಕೊಡುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರು ಜಾತಿ ಪ್ರಮಾಣಪತ್ರವನ್ನೂ ಒಯ್ಯಬೇಕು. ಈಗಾಗಲೇ ಮಾಡಿಸಿದ್ದೇವೆ ಎನ್ನುವವರು ಒಮ್ಮೆ ತೆರೆದು ನೋಡಿ, ನಿಮ್ಮ ಎಲ್ಲಾ ಸರ್ವೆ ನಂಬರ್ ಸೇರಿದೆಯೇ? ಕಿಸಾನ್ ಸಮ್ಮಾನ್ ಹಣಕ್ಕಾಗಿ ಅವಸರದಲ್ಲಿ ಮಾಡಿಸಿ, ಗದ್ದೆಯ ನಂಬರ್ ಹಾಕಿ ಗುಡ್ಡೆಯ ನಂಬರ್ ಬಿಟ್ಟಿರುವುದೂ ಉಂಟು. ಬಿಟ್ಟುಹೋದ ನಂಬರಿನ ಜಾಗಕ್ಕೆ ನೆರವು ಸಿಗುವುದಿಲ್ಲ. ಜಾಗ 5 ಎಕರೆಯೊಳಗೆ ಇದ್ದರೆ ನಾಡಕಚೇರಿಯಿಂದ ಸಣ್ಣ ಹಿಡುವಳಿದಾರರ ಪ್ರಮಾಣಪತ್ರವನ್ನೂ ಮಾಡಿಸಿಟ್ಟುಕೊಳ್ಳಿ.

ಪಾಸ್‌ಬುಕ್ ಎಂದಾಗ ನೆನಪಾಯಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಮೂರೂ ನಮ್ಮ ಊರಿನಲ್ಲೇ ಹುಟ್ಟಿದವು, ಆದ್ದರಿಂದ ಹಳೆಯ ಪಾಸ್‌ಬುಕ್ ಇಲ್ಲದ ಮನೆ ಇಲ್ಲ. ಆ ಪುಸ್ತಕದಲ್ಲಿರುವ ಐಎಫ್‌ಎಸ್‌ಸಿ ಸಂಕೇತ ಈಗ ನಡೆಯುವುದಿಲ್ಲ. ಹೊಸ ಪಾಸ್‌ಬುಕ್ ಪಡೆದು, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಹಣ ನೇರ ಖಾತೆಗೇ ಬರುವುದು.

ಹಂತ 3: ಯಾವ ಕೆಲಸಕ್ಕೆ ಯಾವ ಬಾಗಿಲು

ಇಂಗುಗುಂಡಿ, ಬಾವಿ, ಕೃಷಿಹೊಂಡ, ಎರೆಹುಳು ತೊಟ್ಟಿ: ಗ್ರಾಮ ಪಂಚಾಯತ್

ಇವು ಬಹಳ ವರ್ಷಗಳಿಂದ ಉದ್ಯೋಗ ಖಾತರಿಯಲ್ಲಿ ನಡೆದುಬಂದ ಕೆಲಸಗಳು. ನಮ್ಮ ಕಡೆ ತೆರೆದ ಬಾವಿ, ದನದ ಹಟ್ಟಿ, ಬಚ್ಚಲುಗುಂಡಿಗೆಲ್ಲ ಇದೇ ದಾರಿ. 2005ರ ಉದ್ಯೋಗ ಖಾತರಿ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ಒಪ್ಪಿದೆ. ಕೆಲಸದ ದಿನಗಳನ್ನು 100ರಿಂದ 125ಕ್ಕೆ ಏರಿಸಿರುವ ಆ ಕಾಯ್ದೆ ನೀರಿನ ಕೆಲಸಗಳಿಗೆ ಮಹತ್ವ ಕೊಟ್ಟಿದೆ. ಇದು ಬದಲಾವಣೆಯ ಕಾಲ. ಪಕ್ಕದ ಮನೆಯವರಿಗೆ ಹೋದ ವರ್ಷ ಸಿಕ್ಕಿದ್ದು ನಿಮಗೂ ಹಾಗೆಯೇ ಸಿಗುತ್ತದೆ ಎಂದುಕೊಳ್ಳದೆ, ವೈಯಕ್ತಿಕ ಕಾಮಗಾರಿಗಳ ಈ ವರ್ಷದ ಪಟ್ಟಿಯನ್ನೇ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಹತ್ತಿರ ಕೇಳಿ.

ಮೊದಲು ಜಾಬ್ ಕಾರ್ಡ್ ಬೇಕು. ಜಾಗ ಇದ್ದವರು ಜಾಬ್ ಕಾರ್ಡ್ ಮಾಡಿಸುವುದೆಂದರೆ ಮರ್ಯಾದೆಗೆ ಕಡಿಮೆ ಎಂಬ ಭಾವನೆ ಇನ್ನೂ ಇದೆ. ಸುಮ್ನೆ ಅದನ್ನು ಬಿಟ್ಟುಬಿಡಿ. ಈ ನೆರವು ಸಣ್ಣ, ಅತಿಸಣ್ಣ ಹಿಡುವಳಿದಾರರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ, ಮಹಿಳೆಯೇ ಯಜಮಾನಿಯಾಗಿರುವ ಮನೆಗಳಿಗೆ ಎಂದು ಇಟ್ಟದ್ದು. ಮನೆಯವರೂ ಕೆಲಸದಲ್ಲಿ ಸೇರಬೇಕು ಎಂಬುದು ಅದರ ಮೂಲ ಷರತ್ತು.

ಕಾಮಗಾರಿ ಗ್ರಾಮಸಭೆಯಲ್ಲಿ ಮಂಡನೆಯಾಗಿ ಕ್ರಿಯಾಯೋಜನೆಗೆ ಸೇರಬೇಕು. ಅದಕ್ಕೆ ವಾರ್ಡ್‌ಸಭೆಯ ದಿನವೇ ಹೋಗಿ ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ಪಟ್ಟಿಗೆ ಸೇರಿದ ಮೇಲೆ ಇಂಜಿನಿಯರ್ ಅಂದಾಜುಪಟ್ಟಿ ಮಾಡುತ್ತಾರೆ, ಆಮೇಲೆ ಮಂಜೂರಾತಿ, ಆಮೇಲೆ ಕೆಲಸದ ಆದೇಶ. ಕೆಲಸಕ್ಕೆ ಮೊದಲು, ನಡುವೆ, ಮುಗಿದ ಮೇಲೆ ಮೂರು ಸಲ ಸ್ಥಳದ ಗುರುತು ಸಮೇತ ಫೋಟೋ ತೆಗೆಯುತ್ತಾರೆ. ಇಲ್ಲಿ ಎಡವುವವರು ತುಂಬಾ. "ಹೇಗೂ ಹಿಟಾಚಿ ಬಂದಿದೆ, ಒಂದು ಗುಂಡಿ ತೆಗೆಸಿಬಿಡುವ, ಬಿಲ್ಲು ಆಮೇಲೆ ಮಾಡುವ" ಎಂದರೆ ಮುಗಿಯಿತು. ಖಾಲಿ ಜಾಗದ ಫೋಟೋ ಇಲ್ಲದೆ ಕಡತ ಮುಂದೆ ಹೋಗುವುದಿಲ್ಲ. ಜನರ ಕೈಕೆಲಸಕ್ಕೆಂದು ಇರುವ ಯೋಜನೆಯಲ್ಲಿ ಯಂತ್ರ ತರುವಂತಿಲ್ಲ, ಗುತ್ತಿಗೆಗೂ ಕೊಡುವಂತಿಲ್ಲ.

ಲೆಕ್ಕವನ್ನೂ ಮೊದಲೇ ಹಾಕಿ. 2025–26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಊರಿನಲ್ಲಿ ಗಂಡಾಳಿಗೆ ಎಷ್ಟು ಕೊಡಬೇಕೆಂದು ನಿಮಗೇ ಗೊತ್ತು. ಮನೆಯವರು, ನೆರೆಕರೆಯವರು ಸೇರಿ ಮಾಡಿದರೆ ಮಾತ್ರ ಇದು ಗಿಟ್ಟುತ್ತದೆ. ಕಲ್ಲು, ಸಿಮೆಂಟ್, ರಿಂಗ್‌ಗಳ ಹಣ ಕೂಲಿಗಿಂತ ತಡವಾಗಿ ಬರುವುದು ಸಾಮಾನ್ಯ. ಆ ಹಣವನ್ನು ನಂಬಿ ಸಾಲ ಮಾಡಬೇಡಿ.

ಪಟ್ಟಣದ ಗಡಿಯೊಳಗೆ ಈ ಯೋಜನೆ ಇಲ್ಲ. ಕಾಪು ಪುರಸಭೆ, ಬೈಂದೂರು ಪಟ್ಟಣ ಪಂಚಾಯತ್ ಆದ ಮೇಲೆ ಅಲ್ಲಿಯ ಕೃಷಿಕರಿಗೆ ಈ ಬಾಗಿಲು ಮುಚ್ಚಿತು. ಗದ್ದೆ ಮಾತ್ರ ಮೊದಲಿನ ಹಾಗೆಯೇ ಇದೆ! ಅವರಿಗೆ ಉಳಿದಿರುವುದು ಕೃಷಿ, ತೋಟಗಾರಿಕೆ, ಅರಣ್ಯ ಇಲಾಖೆಗಳ ನೆರವು.

ಹನಿ ನೀರಾವರಿ: ತೋಟಗಾರಿಕೆ ಇಲಾಖೆ

ಅಡಿಕೆ, ತೆಂಗು, ಕಾಳುಮೆಣಸು, ಮಲ್ಲಿಗೆ ಇದ್ದವರು ತಾಲೂಕಿನ ತೋಟಗಾರಿಕೆ ಕಚೇರಿಗೆ ಹೋಗಬೇಕು. ಗದ್ದೆ ಬೆಳೆಯ ತುಂತುರು ನೀರಾವರಿಗೆ ರೈತ ಸಂಪರ್ಕ ಕೇಂದ್ರ. ಕೇಂದ್ರದ ಮಾರ್ಗಸೂಚಿಯಂತೆ ಸಣ್ಣ, ಅತಿಸಣ್ಣ ರೈತರಿಗೆ ಶೇ. 55, ಉಳಿದವರಿಗೆ ಶೇ. 45 ಸಹಾಯಧನ. ಒಬ್ಬರಿಗೆ ಹೆಚ್ಚೆಂದರೆ 5 ಹೆಕ್ಟೇರ್. ಕರ್ನಾಟಕ ಇದಕ್ಕೆ ತನ್ನ ಕಡೆಯಿಂದ ಸೇರಿಸಿ, ಸಣ್ಣ ಹಿಡುವಳಿಗೆ ಶೇ. 90ರವರೆಗೂ ಕೊಟ್ಟದ್ದುಂಟು. ಈ ಸಾಲಿನಲ್ಲಿ ನಿಮ್ಮ ವರ್ಗಕ್ಕೆ ಎಷ್ಟು ಎಂಬುದನ್ನು ಕಚೇರಿಯಲ್ಲೇ ಕೇಳಿಕೊಳ್ಳಿ. ಒಂದು ವಿಷಯ ಡೀಲರ್ ಹೇಳುವುದಿಲ್ಲ, ನಾನು ಹೇಳುತ್ತೇನೆ. ಈ ಶೇಕಡಾ ಲೆಕ್ಕ ಸರಕಾರ ನಿಗದಿಮಾಡಿದ ಘಟಕ ವೆಚ್ಚದ ಮೇಲೆ, ಅವರು ಬರೆದುಕೊಡುವ ಬಿಲ್ಲಿನ ಮೇಲೆ ಅಲ್ಲ. ಮೇಲೆ ಉಳಿದದ್ದು ನಿಮ್ಮ ಕೈಯಿಂದ.

ಇಲಾಖೆ ಒಪ್ಪಿದ ಕಂಪನಿಗಳ ಪಟ್ಟಿ ಪಡೆದು, ಎರಡು ಕಡೆಯಿಂದಾದರೂ ಕೊಟೇಶನ್ ತನ್ನಿ. ಹನಿ, ತುಂತುರು ಉಪಕರಣಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ಕೊಟೇಶನ್‌ನಲ್ಲಿ ಹಳೆಯ ದರವೇ ಇದ್ದರೆ ತಿದ್ದಿಸಿ. ಕಾರ್ಯಾದೇಶ ಕೈಗೆ ಬರುವ ಮೊದಲು ಪೈಪ್ ಇಳಿಸಬೇಡಿ. ಅದೇ ಜಾಗಕ್ಕೆ ಮತ್ತೆ ಸಹಾಯಧನ ಸಿಗಬೇಕಾದರೆ 7 ವರ್ಷ ಕಾಯಬೇಕು. ಆದ್ದರಿಂದ ಮೊದಲ ಸಲವೇ ಒಳ್ಳೆಯದು ಹಾಕಿಸಿ.

ನಮ್ಮ ಮುರಕಲ್ಲಿನ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇರುವುದುಂಟು. ಪಾತ್ರೆಯಲ್ಲಿ ಇಟ್ಟ ನೀರು ಮರುದಿನ ಕಂದು ಬಣ್ಣಕ್ಕೆ ತಿರುಗಿ ತಳದಲ್ಲಿ ಕೆಸರು ಕೂರುತ್ತಿದ್ದರೆ ನಿಮ್ಮದೂ ಅಂಥದ್ದೇ. ಹನಿ ಕೊಡುವ ತೂತು ಬೇಗ ಕಟ್ಟಿಕೊಳ್ಳುತ್ತದೆ. ನೀರಿನ ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕ ಫಿಲ್ಟರ್ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ. ಹಂದಿ, ಮುಳ್ಳುಹಂದಿ ಕಾಟ ಇರುವ ತೋಟದಲ್ಲಿ ಪೈಪು ಕಡಿದುಹೋಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಷ್ಟೆಲ್ಲ ಕಿರಿಕಿರಿ ಯಾಕೆ ಎಂದರೆ, ಅಡಿಕೆ ಮರಕ್ಕೆ ಹನಿಯಲ್ಲಿ ಬೇಸಗೆಯ ದಿನಕ್ಕೆ 16ರಿಂದ 20 ಲೀಟರ್ ಸಾಕು. ಪೈಪ್ ಹಿಡಿದು ಬುಡ ತುಂಬಿಸುವ ಕ್ರಮದಲ್ಲಿ ಒಂದು ಸಲಕ್ಕೆ ಮರಕ್ಕೆ 175 ಲೀಟರ್ ಲೆಕ್ಕ, ಮಾರ್ಚ್ ನಂತರ ಮೂರರಿಂದ ಐದು ದಿನಕ್ಕೊಮ್ಮೆ. ಮೇ ತಿಂಗಳ ಬಾವಿಗೆ ಈ ವ್ಯತ್ಯಾಸ ದೊಡ್ಡದು.

ಗಿಡ ನೆಡುವವರಿಗೆ: ಅರಣ್ಯ ಇಲಾಖೆ

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರಕ್ಕೆ ಗಿಡ ಸಿಗುತ್ತದೆ. ಬದುಕಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಪ್ರೋತ್ಸಾಹಧನ. ಹೆಕ್ಟೇರಿಗೆ 400 ಗಿಡದ ಮಿತಿ. 200 ಗಿಡ ನೆಟ್ಟು ಅಷ್ಟೂ ಉಳಿದರೆ ಮೂರು ವರ್ಷದಲ್ಲಿ 25,000 ರೂಪಾಯಿ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ, ಗುಂಡಿ ತೆಗೆದ ಖರ್ಚು ಬಂದರೆ ಬಂತು. ನಿಜವಾದ ಲಾಭ ಮರದ್ದು.

ಎಲ್ಲಾ ಜಾತಿಗೂ ಹಣ ಇಲ್ಲ. ಅಕೇಶಿಯಾ, ನೀಲಗಿರಿ, ರಬ್ಬರ್, ಅಡಿಕೆ, ತೆಂಗು ಇದಕ್ಕೆ ಸೇರುವುದಿಲ್ಲ. ಹಲಸು, ಹೆಬ್ಬಲಸು, ಹೊನ್ನೆ, ನೇರಳೆ, ಪುನರ್ಪುಳಿಯಂಥವನ್ನು ಕೇಳಿ. ಹತ್ತಿರದ ವಲಯ ಅರಣ್ಯ ಕಚೇರಿಗೆ ಪಹಣಿ, ಆಧಾರ್, ಪಾಸ್‌ಬುಕ್ ಒಯ್ದು ಮೇ ತಿಂಗಳೊಳಗೇ ಹೆಸರು ಬರೆಸಿ. ಜೂನ್‌ನಲ್ಲಿ ಹೋದರೆ ಬೇಕಾದ ಗಿಡ ಮುಗಿದಿರುತ್ತದೆ. ಎಣಿಕೆಗೆ ಬಂದಾಗ ಗಿಡ ಜೀವಂತ ಇರಬೇಕು, ಹಾಗಾಗಿ ಮೇಯಲು ಬಿಟ್ಟ ದನ ಮತ್ತು ಮಾರ್ಚ್ ತಿಂಗಳ ಹುಲ್ಲಿನ ಬೆಂಕಿ, ಇವೆರಡರಿಂದ ಕಾಪಾಡಿ. ಮುಂದೆ ಕಡಿಯುವಾಗ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಹಲವು ಜಾತಿಗಳಿಗೆ ಅನುಮತಿ ಬೇಕಾಗುತ್ತದೆ. ನೆಟ್ಟ ದಾಖಲೆ, ಇಲಾಖೆ ಕೊಟ್ಟ ರಶೀದಿ ಎಲ್ಲ ಆಗ ಉಪಯೋಗಕ್ಕೆ ಬರುತ್ತವೆ.

ಕಿಂಡಿ ಅಣೆಕಟ್ಟು, ಕಟ್ಟ: ಒಬ್ಬರಿಂದ ಆಗುವುದಲ್ಲ

ಬೈಲಿನಲ್ಲಿ ಸುಗ್ಗಿ, ಕೊಳಕೆ (ಎರಡನೇ, ಮೂರನೇ ಭತ್ತದ) ಬೆಳೆ ಬೇಕಾದರೆ ತೋಡಿನಲ್ಲಿ ನೀರು ನಿಲ್ಲಬೇಕು. ಹಲಗೆ ಹಾಕಿ ತೆಗೆಯುವ ಕಿಂಡಿ ಅಣೆಕಟ್ಟು ಕಟ್ಟುವುದು ಸಣ್ಣ ನೀರಾವರಿ ಇಲಾಖೆ. ವೈಯಕ್ತಿಕ ಅರ್ಜಿಗೆ ಇಲ್ಲಿ ಬೆಲೆ ಇಲ್ಲ. ಎರಡೂ ದಡದ ಜಾಗದವರು ಸಹಿ ಹಾಕಿದ ಮನವಿ, ಸರ್ವೆ ನಂಬರ್, ಎಷ್ಟು ಎಕರೆಗೆ ನೀರು ಎಂಬ ಪಟ್ಟಿ, ಗ್ರಾಮಸಭೆಯ ನಿರ್ಣಯ ಇವನ್ನು ಜೋಡಿಸಿ ಇಲಾಖೆಗೂ ಶಾಸಕರಿಗೂ ಕೊಡಬೇಕು. ಒಂದು ದಡದವರ ತಕರಾರು ಇದ್ದರೂ ಕೆಲಸ ನಿಲ್ಲುತ್ತದೆ. ಮೊದಲು ಅಂಗಳದಲ್ಲಿ ಕೂತು ಮಾತಾಡಿ.

ಕಟ್ಟಿದ ಮೇಲಿನ ಕೆಲಸ ಇನ್ನೂ ದೊಡ್ಡದು. ಮಳೆ ನಿಂತ ಮೇಲೆ ಹಲಗೆ ಹಾಕುವವರು ಯಾರು, ಮಳೆಗೆ ಮೊದಲು ತೆಗೆಯುವವರು ಯಾರು, ತೆಗೆದ ಹಲಗೆ ಯಾರ ಕೊಟ್ಟಿಗೆಯಲ್ಲಿ? ಇದಕ್ಕೆ ಉತ್ತರ ಇಲ್ಲದ ಕಡೆ ಲಕ್ಷಗಟ್ಟಲೆ ಖರ್ಚಿನ ಗೋಡೆ ಸುಮ್ಮನೆ ನಿಂತಿರುತ್ತದೆ. ಹಲಗೆ ತಡವಾಗಿ ಬಿದ್ದರೆ ಹರಿವು ಮುಗಿದಿರುತ್ತದೆ, ತೆಗೆಯುವುದು ತಡವಾದರೆ ಮೊದಲ ನೆರೆಯಲ್ಲಿ ದಡವೇ ಕೊಚ್ಚಿಹೋಗುತ್ತದೆ. ಹೊಳೆಯ ಬಾಯಿಗೆ ಹತ್ತಿರದ ಊರುಗಳಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ಹಲಗೆ ಸಿಹಿನೀರು ನಿಲ್ಲಿಸುವುದರ ಜೊತೆಗೆ ಉಬ್ಬರದ ಉಪ್ಪುನೀರನ್ನೂ ತಡೆಯಬೇಕು. ಉಪ್ಪು ಒಳಗೆ ಬಂದ ಮೇಲೆ ಹಲಗೆ ಹಾಕಿದರೆ ಉಪ್ಪುನೀರನ್ನೇ ಕೂಡಿಟ್ಟ ಹಾಗೆ. ಸಣ್ಣ ತೋಡಾದರೆ ಸರಕಾರಕ್ಕೆ ಕಾಯಬೇಕೆಂದಿಲ್ಲ. ಮರಳು ಚೀಲ, ಮಣ್ಣು, ಹತ್ತು ಜನ, ಒಂದು ಭಾನುವಾರ. ಹಿಂದಿನವರು ಕಟ್ಟ ಕಟ್ಟಿದ್ದೂ ಹಾಗೆಯೇ, ಅಲ್ವಾ?

ಮಣ್ಣು ಪರೀಕ್ಷೆ: ನಮ್ಮದು ಹುಳಿ ಮಣ್ಣು. ಬ್ರಹ್ಮಾವರ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಪರೀಕ್ಷೆ ಮಾಡಿಸಿ ಸುಣ್ಣ ಹಾಕಿ. ಸುಣ್ಣ, ಲಘು ಪೋಷಕಾಂಶಗಳು ರಿಯಾಯಿತಿಯಲ್ಲಿ ಬಂದಿವೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಹಂತ 4: ಯಾವಾಗ ಹೋಗಬೇಕು

ಸರಕಾರದ ವರ್ಷ ಎಪ್ರಿಲ್‌ನಲ್ಲಿ ಶುರುವಾಗುತ್ತದೆ. ಇಲಾಖೆಗಳಿಗೆ ಗುರಿ, ಅನುದಾನ ಬರುವುದು ಅದರ ನಂತರ. ಫೆಬ್ರವರಿಯಲ್ಲಿ ಹೋಗಿ ಹನಿ ನೀರಾವರಿ ಕೇಳಿದರೆ "ಹಣ ಮುಗಿದಿದೆ" ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಎಪ್ರಿಲ್, ಮೇಯಲ್ಲಿ ಕಾಗದ ಸರಿಮಾಡಿ ಅರ್ಜಿ ಕೊಡಿ. ಜೂನ್‌ನಲ್ಲಿ ಗಿಡ ನೆಡಿ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ನೀರಿನ ದಾರಿ ನೋಡಿ. ಮುಂದಿನ ವರ್ಷದ ಕ್ರಿಯಾಯೋಜನೆಗೆ ಪಂಚಾಯತ್ ಬೇಡಿಕೆ ಪಡೆಯುವುದು ಸಾಮಾನ್ಯವಾಗಿ ಮಳೆಗಾಲದ ಕೊನೆಯಿಂದ, ಆ ಸಭೆಗಳ ದಿನಾಂಕ ಗೊತ್ತುಮಾಡಿಕೊಳ್ಳಿ. ದೀಪಾವಳಿ ಕಳೆದ ಮೇಲೆ ಹಲಗೆ, ಕಟ್ಟ. ಗುಂಡಿ ತೋಡುವ ಕೆಲಸ ಜನವರಿಯಿಂದ ಪತ್ತನಾಜೆಯ (ಮೇ ಕೊನೆಯ ವಾರದ ಹೊತ್ತು) ಒಳಗೆ ಮುಗಿಯಲಿ.

ಹಂತ 5: ಕಡತ ನಿಂತರೆ

ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನ ಉತ್ತರವೇ ಸಿಗುತ್ತದೆ. ಅರ್ಜಿಯ ಪ್ರತಿ, ಸ್ವೀಕೃತಿ ಸಂಖ್ಯೆ, ದಿನಾಂಕ ನಿಮ್ಮ ಹತ್ತಿರ ಇರಲಿ. ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ. ಹೆಚ್ಚಾಗಿ ಅದು ಹೆಸರಿನ ವ್ಯತ್ಯಾಸ ಅಥವಾ ಬಿಟ್ಟುಹೋದ ಸರ್ವೆ ನಂಬರ್ ಆಗಿರುತ್ತದೆ, ಸರಿಮಾಡಿ ಮತ್ತೆ ಕೊಡಬಹುದು. ಕಾರಣವನ್ನೇ ಹೇಳದಿದ್ದರೆ ಪಂಚಾಯತಿನ ಕೆಲಸಕ್ಕೆ ತಾಲೂಕು ಪಂಚಾಯತ್ ಕಾರ್ಯನಿರ್ವಹಣಾಧಿಕಾರಿಗೆ ಬರೆಯಿರಿ, ಇಲಾಖೆಯ ಕೆಲಸಕ್ಕೆ ಜಿಲ್ಲಾಮಟ್ಟದ ಅಧಿಕಾರಿಗೆ. ಅದಕ್ಕೂ ಉತ್ತರ ಇಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಕಡತದ ಸ್ಥಿತಿ ಕೇಳಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ಬೆಳೆ, ಯೋಜನೆಗಳ ಸಾಮಾನ್ಯ ಪ್ರಶ್ನೆಗೆ ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮಧ್ಯವರ್ತಿಗಳಿಗೆ ಸಹಿ ಹಾಕಿದ ಖಾಲಿ ಅರ್ಜಿ, ಪಾಸ್‌ಬುಕ್, ಮೊಬೈಲಿಗೆ ಬಂದ ಒಟಿಪಿ ಕೊಡಬೇಡಿ. ಅರ್ಜಿ ತುಂಬಲು ಕಷ್ಟವಾದರೆ ಗ್ರಾಮ ಪಂಚಾಯತಿನ ಬಾಪೂಜಿ ಸೇವಾ ಕೇಂದ್ರದಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲೇ ಕೂತು ತುಂಬಿಸಿ.